ಗೂಳಪ್ಪ ಬಿದ್ದದ್ದು ಯಾಕೆ

ಬೀಳಗಿಯ ಮಧುಮತಿ ರಬಕವಿಯಲ್ಲಿ ಖೋಲಿ ಹಿಡಿದದ್ದು ನೂಲಿನ ಆಸೆಗೆ. ಶಿದ್ರಾಮಪ್ಪನ ಪವರ್‌ಲೂಮ್ ಶೆಡ್ಡಿನ ಮೂಲೆಯಲ್ಲಿ ಕತ್ತರಿಸಿ ಬಿಸಾಡಿದ ಬಣ್ಣಬಣ್ಣದ ನೂಲಿನ ತುಂಡುಗಳು ಗುಡ್ಡೆಯಾಗಿ ಬಿದ್ದಿದ್ದವು. ಶೆಡ್ಡಿನ ಮೇಲಿನ ಖೋಲಿ ನೋಡಲು ಬಂದವಳು ಮೆಟ್ಟಿಲು ಹತ್ತುವ ಮೊದಲೇ ಆ ಗುಡ್ಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

"ಇದನ್ನ ಏನ್ ಮಾಡ್ತೀರಿ ಕಾಕಾರ?"

"ಏನ್ ಮಾಡೂದರಿ, ಗ್ಯಾರೇಜಿನವರು ಕೈ ಒರಸಾಕ ಒಯ್ತಾರ."

"ಇನ್ನ ಮ್ಯಾಲ ನನಗ ಕೊಡ್ರಿ."

"ತಗೋರಿ. ಮೊದಲ ಖೋಲಿ ನೋಡೂದಿಲ್ಲೇನು?"

"ಬೆಳಕ ಬರತೈತೆಲ್ಲ? ಸಾಕು."

ಶಿದ್ರಾಮಪ್ಪ ಕೀಲಿಕೈ ಕೊಟ್ಟ. ಆಮೇಲೆ ಮೂರ್ನಾಲ್ಕು ದಿನ, ಈ ಹುಡುಗಿ ನೂಲು ತಿನ್ನುತ್ತಾಳೋ ಏನೋ ಎಂಬ ಹಾಗೆ ಅವಳನ್ನು ನೋಡಿದ.

ಮಧುಮತಿಯದು ಚಿತ್ರಗಳನ್ನು ನಡೆಸುವ ಕೆಲಸ. ಮೇಜಿನ ಮೇಲೆ ನೂಲನ್ನು ಒಂದು ಆಕಾರದಲ್ಲಿ ಇಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆಯುವುದು. ನೂಲನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು ಫೋಟೊ. ಮತ್ತೆ ಸರಿಸುವುದು, ಮತ್ತೆ ಫೋಟೊ. ಇಡೀ ಮುಂಜಾನೆ ಹೀಗೆ ಕೂತರೆ, ಸಂಜೆಗೆ ಪರದೆಯ ಮೇಲೆ ನೂಲಿನ ಹಕ್ಕಿ ಒಮ್ಮೆ ರೆಕ್ಕೆ ಬಡಿಯುತ್ತದೆ. ಧಾರವಾಡದಲ್ಲಿ ಚಿತ್ರಕಲೆ ಓದುವಾಗ ಅವಳಿಗೆ ಈ ಹುಚ್ಚು ಹತ್ತಿತ್ತು. ಗೆಳತಿಯರು ಡ್ರಾಯಿಂಗ್ ಟೀಚರಾಗಿ ನೆಲೆ ಕಂಡರು. ಇವಳು ಕಪ್ಪು ಹಲಗೆಯ ಮೇಲೆ ಜೋಳದ ಹಿಟ್ಟು ಹರಡಿ, ಬೆರಳಿನಿಂದ ಗೀರಿ ಗೀರಿ ಒಂದು ಪುಟ್ಟ ಸಿನಿಮಾ ಮಾಡಿದಳು. ಅದನ್ನು ಎಲ್ಲೋ ದೂರದೇಶದ ಚಿತ್ರೋತ್ಸವದಲ್ಲಿ ತೋರಿಸಿದರು. ಬೀಳಗಿಯಲ್ಲಿ ಅದನ್ನು ನೋಡಿದ ಅಪ್ಪ ಕೇಳಿದ್ದ, "ಇದರಾಗ ಕತಿ ಏನೈತಿ?"

"ಕತಿ ಇಲ್ಲಪಾ. ಹಿಟ್ಟ ಐತಿ."

ಹೊಟ್ಟೆಪಾಡಿಗೆ ಅವಳು ಜಮಖಂಡಿ, ಮುಧೋಳದವರ ಮದುವೆಗೆ ಮೊಬೈಲಿನಲ್ಲಿ ಕಳಿಸುವ ಕರೆಯೋಲೆ ವಿಡಿಯೊ ಮಾಡಿಕೊಡುತ್ತಿದ್ದಳು. ಬಂಗಾರದ ಅಕ್ಷರ ಉದುರಬೇಕು, ನವಿಲು ಗರಿ ಬಿಚ್ಚಬೇಕು, ಸೋದರಮಾವಂದಿರ ಹೆಸರು ಒಂದೂ ಬಿಡಬಾರದು. ಅದರಲ್ಲಿ ಅವಳಿಗೆ ಬೇಸರವಿರಲಿಲ್ಲ. ನವಿಲು ಕುಣಿದರೆ ತಿಂಗಳೆಲ್ಲ ತನ್ನ ನೂಲು ಕುಣಿಯುತ್ತದೆ ಎಂಬ ಲೆಕ್ಕ ಅವಳದು.

ಆದರೆ ಖೋಲಿ ಹಿಡಿದ ಮರುದಿನವೇ ಒಂದು ತೊಂದರೆ ಎದ್ದಿತು. ಕೆಳಗೆ ಮಗ್ಗಗಳು ಖಟಕ್ ಖಟಕ್ ಎಂದು ಶುರುವಾದದ್ದೇ, ಮೇಲೆ ಅವಳ ಮೇಜು ಜ್ವರ ಬಂದವರ ಹಾಗೆ ನಡುಗಿತು. ಕೂದಲೆಳೆಯಷ್ಟು ಸರಿಸಿದ ನೂಲು ತಾನೇ ಬೆರಳಗಲ ಸರಿದು ಕೂತಿತು. ಹಕ್ಕಿ ರೆಕ್ಕೆ ಬಡಿಯುವ ಬದಲು ಸೀನುತ್ತಿತ್ತು.

ಮೇಜಿನ ಕಾಲಿನ ಕೆಳಗೆ ಹಳೆಯ ಟೈರು ಇಟ್ಟಳು. ಆಗಲಿಲ್ಲ. ಉಸುಕಿನ ಚೀಲ ಇಟ್ಟಳು. ಆಗಲಿಲ್ಲ. ಕೊನೆಗೆ ತಲೆ ಓಡಿಸಿ, ಮೇಲಿನ ತೊಲೆಗೆ ನಾಲ್ಕು ಹಗ್ಗ ಬಿಗಿದು, ಮೇಜಿನ ಹಲಗೆಯನ್ನು ಅದಕ್ಕೇ ತೂಗು ಹಾಕಿದಳು. ಹಲಗೆಯ ಮೇಲೆ ಧೂಳು ಬೀಳದಂತೆ ಒಂದು ಹಳೆಯ ಸೀರೆಯನ್ನೂ ಹೊದಿಸಿದಳು.

ಎದುರು ಮನೆಯ ಮಾಳಿಗೆಯಿಂದ ಯಾರೋ ಅದನ್ನು ಕಂಡರು. ಮಧ್ಯಾಹ್ನದ ಹೊತ್ತಿಗೆ, ಶಿದ್ರಾಮಪ್ಪನ ಮೇಲಿನ ಖೋಲಿಯಲ್ಲಿ ತೊಟ್ಟಿಲು ಕಟ್ಟಿದ್ದಾರೆ ಎಂದು ಓಣಿಗೆಲ್ಲ ಗೊತ್ತಾಗಿತ್ತು. ಮದುವೆಯಾಗದ ಹುಡುಗಿ, ಮೇಲೊಂದು ತೊಟ್ಟಿಲು! ಸುದ್ದಿ ಶಿದ್ರಾಮಪ್ಪನ ತಾಯಿ ಶಂಕ್ರೆವ್ವನ ಕಿವಿಗೂ ಬಿತ್ತು. ಮಂಡಿನೋವಿನಿಂದ ವರ್ಷಗಟ್ಟಲೆ ಆ ಮೆಟ್ಟಿಲು ಹತ್ತದಿದ್ದ ಮುದುಕಿ ಅವತ್ತು ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಶಿವನನ್ನು ಕರೆಯುತ್ತ ಹತ್ತಿಯೇ ಬಿಟ್ಟಳು.

"ಕೂಸ ಎಲ್ಲೈತಬೇ?" ಎಂದಳು ಬಾಗಿಲಲ್ಲಿ ನಿಂತು. ಮುಖದಲ್ಲಿ ಸಿಟ್ಟಿರಲಿಲ್ಲ. ಕೈಯಲ್ಲಿ ಒಂದು ಬಟ್ಟಲು ಎಣ್ಣೆ ಇತ್ತು.

"ಯಾವ ಕೂಸರಿ ಆಯಿ?"

ಶಂಕ್ರೆವ್ವ ಸೀರೆ ಎತ್ತಿ ನೋಡಿದಳು. ಒಳಗೆ ಕೆಂಪು ನೂಲಿನ ಒಂದು ಹಕ್ಕಿ ಮಲಗಿತ್ತು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಣ್ಣೆಯ ಬಟ್ಟಲನ್ನು ಕಿಟಕಿಯಲ್ಲಿಟ್ಟು ನಗತೊಡಗಿದವಳು, ನಗು ತಡೆಯಲಾಗದೆ ಅಲ್ಲೇ ನೆಲದ ಮೇಲೆ ಕೂತಳು. ಮಧುಮತಿಗೆ ವಿಷಯ ತಿಳಿದಾಗ ಅವಳೂ ಕೂತಳು.

ಏರಲು ಅಷ್ಟು ಕಷ್ಟಪಟ್ಟದ್ದಕ್ಕೆ, ಇಳಿಯುವ ಮನಸ್ಸು ಮುದುಕಿಗೆ ಬೇಗ ಬರಲಿಲ್ಲ. ಹಕ್ಕಿ ಹೇಗೆ ಹಾರುತ್ತದೆ ನೋಡಿಯೇ ಹೋಗುತ್ತೇನೆ ಎಂದಳು. ಮಧುಮತಿ ಸರಿಸಿದಳು, ಫೋಟೊ ತೆಗೆದಳು, ಸರಿಸಿದಳು. ಶಂಕ್ರೆವ್ವ ಬಾಯಿಗೆ ಒಂದು ವೀಳ್ಯದೆಲೆ ಹಾಕಿ ಮುಗಿಸಿದಳು, ಇನ್ನೊಂದು ಹಾಕಿದಳು.

"ಅಲ್ಲ ತಂಗಿ, ಆಗಿಂದ ಕುಂತು ಇಷ್ಟ ಹಾರಸೀದಿ? ಇದರೊಳಗ ನಾನಾಗಿದ್ರ ಹೊಳಿ ದಾಟಿ ತಿರುಗಿ ಬರತಿದ್ದೆ."

"ಹೊಳಿ ದಾಟತಿದ್ರಿ? ಬೋಟಿನ್ಯಾಗ?"

"ಬೋಟಿನ್ಯಾಗ ಯಾರರೆ ದಾಟ್ತಾರ. ಬುರುಡಿ ಕಟಗೊಂಡು ಈಸಿ ದಾಟೇನಿ ನಾ." ಹೇಳಿದ ಮೇಲೆ ಶಂಕ್ರೆವ್ವ ಬಾಗಿಲ ಕಡೆ ನೋಡಿದಳು. ಕೆಳಗೆ ಮಗ್ಗದ ಸದ್ದು ಜೋರಾಗಿತ್ತು. ಯಾರಿಗೂ ಕೇಳುವಂತಿರಲಿಲ್ಲ. ಆದರೂ ದನಿ ತಗ್ಗಿಸಿದಳು.

ಅವಳು ಮದುವೆಯಾಗಿ ಬಂದ ಹೊಸತು. ತವರು ಕೃಷ್ಣೆಯ ಆಚೆ ದಂಡೆಯ ಹಳ್ಳಿ. ತಮ್ಮ ಗೂಳಪ್ಪ ಅಲ್ಲಿ ಗರಡಿಮನೆಯ ಮಣ್ಣು ಮೈಗೆ ಹಚ್ಚಿಕೊಂಡು ಬೆಳೆದ ಹುಡುಗ. ಅವನ ಮೊದಲ ದೊಡ್ಡ ಕುಸ್ತಿ ನಿಗದಿಯಾಗಿತ್ತು. ಹೋಗುತ್ತೇನೆ ಎಂದರೆ ಅತ್ತೆ, "ಹೆಣ್ಣಮಕ್ಕಳು ಕುಸ್ತಿ ನೋಡೂದಂದ್ರೇನು" ಎಂದಳು. ಗಂಡ ಮಗ್ಗದಿಂದ ತಲೆಯನ್ನೇ ಎತ್ತಲಿಲ್ಲ. ಆಯಿತು ಬಿಡಿ ಎಂದು ಶಂಕ್ರೆವ್ವ ಅರಿವೆಯ ಗಂಟು ಹೊತ್ತು ಹೊಳೆಗೆ ಹೋದಳು. ಅರಿವೆ ಒಗೆದು ಬಂಡೆಯ ಮೇಲೆ ಒಣಗಲು ಹಾಕಿದಳು. ಅಂಬಿಗರು ದಂಡೆಯಲ್ಲಿ ಬಿಟ್ಟಿದ್ದ ಒಣ ಸೋರೆಬುರುಡೆಗಳನ್ನು ಹೊಟ್ಟೆಗೆ ಕಟ್ಟಿಕೊಂಡು ನೀರಿಗೆ ಬಿದ್ದಳು.

"ಅಲ್ಲಿ ಕಣದ ಹಂತ್ಯಾಕ ಒಂದ ದೊಡ್ಡ ಬೇವಿನ ಗಿಡ ಇತ್ತು. ಮುಖಕ್ಕ ಸೆರಗ ಸುತಗೊಂಡು ಮ್ಯಾಲ ಏರಿ ಕುಂತೆ. ನಮ್ಮ ಗೂಳ್ಯಾ ತೊಡಿ ತಟ್ಟಿ ಬಂದ. ಹುಲಿ ಕಂಡಂಗ ಕಂಡ. ನಾ ಕಣ್ಣ ಉಜ್ಜೂದರಾಗ ಆ ಹುಲಿ ಬೆನ್ನ ಮ್ಯಾಲ ಬಿದ್ದಿತ್ತು."

"ಅಷ್ಟ ಲಗೂನ?"

"ಅಷ್ಟ ಲಗೂನ! ಅಷ್ಟ ದೂರ ಈಸಿ ಬಂದೇನಿ, ಹೊಟ್ಟಿ ಉರೀಲಿಲ್ಲೇನು? ಗೂಳ್ಯಾ ಅಂತ ಚೀರಿದೆ. ಊರ ಮಂದೆಲ್ಲ ಗಿಡದ ಕಡೆ ಹೊಳ್ಳಿ ನೋಡಿದ್ರು. ಹಿಂದಿಂದ ಜಿಗದು ಜ್ವಾಳದ ಹೊಲದಾಗ ಓಡಿದೆ. ಈ ದಂಡಿಗೆ ಬಂದ್ರ ಅರಬಿ ಇನ್ನಾ ಹಸೀನ ಇದ್ದುವು." ಅವಳು ಮಧುಮತಿಯ ಮೊಣಕೈ ಹಿಡಿದಳು. "ಯಾರ ಮುಂದೂ ಹೇಳಿಲ್ಲ. ನಮ್ಮ ಶಿದ್ರಾಮಗ ಗೊತ್ತಿಲ್ಲ. ನೀನೂ ಹೇಳಬ್ಯಾಡ ಮತ್ತ."

ಅವತ್ತು ಮುದುಕಿಯನ್ನು ಕೆಳಗಿಳಿಸಿ ಬಂದ ಮಧುಮತಿ ಕೆಂಪು ಹಕ್ಕಿಯನ್ನು ಎತ್ತಿ ಡಬ್ಬಿಯಲ್ಲಿ ಹಾಕಿದಳು. ಕಣ್ಣ ಮುಂದೆ ಹೊಳೆಯ ನೀರೇ ನಿಂತಿತ್ತು. ಗುಡ್ಡೆಯಿಂದ ನೀಲಿ, ಹಸಿರು, ಬೂದು ನೂಲುಗಳನ್ನೆಲ್ಲ ಆರಿಸಿ ಹಲಗೆಯ ಮೇಲೆ ಉದ್ದಕ್ಕೆ ಹರಡಿದಳು. ನದಿಯೇನೋ ಆಯಿತು. ಆದರೆ ಸತ್ತ ನದಿ. ತೂಗುಹಲಗೆಯ ಮೇಲೆ ಅದು ಅಲುಗದೆ ಬಿದ್ದಿತ್ತು. ಒಂದೊಂದೇ ಎಳೆ ಸರಿಸಿ ಅಲೆ ಎಬ್ಬಿಸಲು ಹೋದಳು. ಅಲೆ ಬರಲಿಲ್ಲ, ಬೆನ್ನುನೋವು ಬಂತು.

ಸಿಟ್ಟು ಬಂದು ಒಂದು ಮುಂಜಾನೆ ಹಗ್ಗ ಬಿಚ್ಚಿ ಹಲಗೆಯನ್ನು ನೆಲಕ್ಕಿಳಿಸಿದಳು. ಅಷ್ಟರಲ್ಲಿ ಕೆಳಗೆ ಮಗ್ಗಗಳು ಶುರುವಾದವು. ನೀಲಿ ನೂಲುಗಳೆಲ್ಲ ಒಟ್ಟಿಗೆ ಮೆಲ್ಲಗೆ ನಡುಗಿದವು. ಒಂದರ ಮೇಲೊಂದು ಏರಿದವು, ಜಾರಿದವು, ಸರಿದವು. ಮಧುಮತಿ ಉಸಿರು ಬಿಗಿಹಿಡಿದು ಒಂದು ಫೋಟೊ ತೆಗೆದಳು. ನೂಲನ್ನು ಮುಟ್ಟಲಿಲ್ಲ. ಇನ್ನೊಂದು ತೆಗೆದಳು. ಮತ್ತೊಂದು. ಅವನ್ನು ಕೂಡಿಸಿ ಓಡಿಸಿ ನೋಡಿದರೆ ಕೃಷ್ಣೆ ಹರಿಯುತ್ತಿದ್ದಳು. ಖೋಲಿಯಲ್ಲಿ ಒಬ್ಬಳೇ ಇದ್ದರೂ "ಅಯ್ಯಯ್ಯೋ" ಎಂದು ಕೂಗಿದಳು.

ಅಲ್ಲಿಂದ ಅವಳ ದಿನಚರಿ ತಲೆಕೆಳಗಾಯಿತು. ನದಿಯ ಕೆಲಸ ಮಗ್ಗ ನಡೆವಾಗ, ಅದನ್ನು ಈಸುವ ಕೆಂಪು ನೂಲಿನ ಹುಡುಗಿಯ ಕೆಲಸ ಮಗ್ಗ ನಿಂತಾಗ. ಕರೆಂಟು ಹೋದರೆ ಕೆಳಗೆ ನೇಕಾರರು ಚಹಾಕ್ಕೆ ಎದ್ದರು, ಮೇಲೆ ಮಧುಮತಿ ಕಿಟಕಿಯ ಬೆಳಕಿಗೆ ಹಲಗೆ ಎಳೆದು ಹುಡುಗಿಯ ಕೈ ಒಂದಿಷ್ಟು ಮುಂದೆ ಚಾಚಿದಳು. ಕರೆಂಟು ಹೋದದ್ದಕ್ಕೆ ಇಡೀ ರಬಕವಿಯಲ್ಲಿ ಖುಷಿಪಡುತ್ತಿದ್ದವಳು ಇವಳೊಬ್ಬಳೇ. ಶಂಕ್ರೆವ್ವ ಈಗ ವಾರಕ್ಕೊಮ್ಮೆಯಾದರೂ ಮೆಟ್ಟಿಲು ಹತ್ತುತ್ತಿದ್ದಳು. ಕೆಂಪು ನೂಲಿನ ಹುಡುಗಿಯನ್ನು ನೋಡಿ, "ನಾ ಇಷ್ಟ ದಪ್ಪ ಇರಲಿಲ್ಲ," ಎನ್ನುತ್ತಿದ್ದಳು. ಮಧುಮತಿ ಒಂದೆಳೆ ಕಿತ್ತುಹಾಕುತ್ತಿದ್ದಳು.

ಸಿನಿಮಾ ಮುಗಿಯುವ ಹೊತ್ತಿಗೆ ಶಿದ್ರಾಮಪ್ಪನ ತಾಳ್ಮೆಯೂ ಮುಗಿದಿತ್ತು. "ನಮ್ಮ ಶೆಡ್ಡಿನ ನೂಲೆಲ್ಲಾ ಮ್ಯಾಲ ಹೋಗೇತಿ, ಕೆಳಗ ಏನೂ ಬಂದಿಲ್ಲ," ಎಂದ. "ಅಮಾಸಿಗೆ ಮಗ್ಗ ನಿಂತಿರತಾವು. ಏನ್ ಮಾಡೀರಿ, ನಮಗೂ ತೋರಸ್ರಿ."

ಮಧುಮತಿ ಮುದುಕಿಯ ಮುಖ ನೋಡಿದಳು. ಹೆಸರು ಎಲ್ಲಿಯೂ ಇಲ್ಲವಲ್ಲ, ತೋರಿಸು ಎಂದು ಶಂಕ್ರೆವ್ವ ಕಣ್ಣಲ್ಲೇ ಹೇಳಿದಳು.

ಅಮಾವಾಸ್ಯೆಯ ದಿನ ಮಗ್ಗಗಳಿಗೆ ಪೂಜೆ ಮುಗಿದು ಹೋಳಿಗೆ ಊಟವಾದ ಮೇಲೆ, ಶೆಡ್ಡಿನ ಕಿಟಕಿಗಳಿಗೆಲ್ಲ ಚೀಲ ಕಟ್ಟಿ ಕತ್ತಲೆ ಮಾಡಿದರು. ಗೋಡೆಗೆ ಬಿಳಿಯ ಬಟ್ಟೆ ಬಿಗಿದರು. ನೇಕಾರರು, ಅವರ ಹೆಂಡಂದಿರು, ಓಣಿಯ ಕೆಲವರು ಮಗ್ಗಗಳ ನಡುವೆ ಸಿಕ್ಕಲ್ಲಿ ಕೂತರು. ಬಿಳಿಯ ಬಟ್ಟೆಯ ಮೇಲೆ ನೂಲಿನ ನದಿ ಹರಿಯಿತು. ಕೆಂಪು ಹುಡುಗಿ ಬುರುಡೆ ಕಟ್ಟಿಕೊಂಡು ಜಿಗಿದಳು. ತೇಲಿದಳು, ಮುಳುಗಿದಳು, ಮತ್ತೆ ಎದ್ದಳು. ಅವಳು ಮುಳುಗಿದಾಗ ಒಬ್ಬ ಹೆಂಗಸು "ಶಿವನ!" ಎಂದು ಎದೆ ಹಿಡಿದುಕೊಂಡಳು. ಗಿಡ ಹತ್ತಿದಾಗ ಮಕ್ಕಳು ಸಿಳ್ಳೆ ಹೊಡೆದವು. ಪೈಲವಾನ ಬಿದ್ದ ರೀತಿಗೆ ಇಡೀ ಶೆಡ್ಡು ನಕ್ಕಿತು.

ಮುಗಿದ ಮೇಲೆ ಹಿರಿಯ ನೇಕಾರ ಭೀಮಶಿ ತನ್ನ ತೀರ್ಪು ಕೊಟ್ಟ. "ಛಲೋ ಮಾಡ್ಯಾರ. ಆದ್ರ ಇದು ಬರೇ ಸುಳ್ಳರಿ. ಬುರುಡಿ ಕಟಗೊಂಡು ಕೃಷ್ಣಾ ಹೊಳಿ ದಾಟೂ ಹೆಣ್ಣಮಗಳು ಈ ಊರಾಗ ಹುಟ್ಟಿಲ್ಲ."

"ಹುಟ್ಟಿಲ್ಲಂದ್ರ?" ಹಿಂದಿನಿಂದ ಶಂಕ್ರೆವ್ವನ ದನಿ ಬಂತು. "ನಾ ದಾಟಿಲ್ಲೇನು?"

ಮುದುಕಿ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಗಲೇ ಹೊರಬಿದ್ದಾಗಿತ್ತು. ಶಿದ್ರಾಮಪ್ಪ ಮೆಲ್ಲಗೆ ತಿರುಗಿದ.

"ಯವ್ವಾ, ಏನಂದಿ?"

"ಅಂದಿದ್ದ ಅಂದೆ."

"ಆ ಗಿಡದಾಗ ಕುಂತಾಕಿ ನೀನ? ಅಪ್ಪಗ ಗೊತ್ತಿತ್ತೇನು?"

"ಗೊತ್ತಾಗಿದ್ರ ನೀ ಎಲ್ಲಿ ಹುಟ್ಟತಿದ್ದಿ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಶಿದ್ರಾಮಪ್ಪನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಹೊಳೆಯ ಹತ್ತಿರ ಹೋಗಬೇಡ, ಜಾರುತ್ತೀ ಎಂದು ತಾಯಿಗೆ ದಿನಾ ಹೇಳುತ್ತಿದ್ದವನು ಅವನು. ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು.

"ತಡಿ ತಡಿ. ಆ ಬಿದ್ದಾಂವ ಅಂದ್ರ ಗೂಳಪ್ಪ ಮಾಮಾ ಏನು? ಮಾಮಾ ಆ ಕುಸ್ತಿ ಗೆದ್ದೆ ಅಂತ ಹೇಳ್ಯಾನಲ್ಲ! ಸಣ್ಣಾಂವ ಇದ್ದಾಗಿಂದ ಕೇಳೇನಿ. ಬಂದಾಗೊಮ್ಮೆ ಹೇಳತಾನ. ನೀನೂ ಅಲ್ಲೇ ಕುಂತು ಕೇಳತಿದ್ದಿ. ಒಂದ ದಿನರೆ ಸುಳ್ಳ ಅಂದಿಯೇನು?"

"ಹೆಂಗ ಅನ್ಲಿ?" ಎಂದಳು ಶಂಕ್ರೆವ್ವ. "ನಾ ಅಲ್ಲಿ ಇದ್ದಿಲ್ಲಲ್ಲ!"

ಆ ಸುದ್ದಿ ಹೊಳೆ ದಾಟಲು ಬುರುಡೆಯೂ ಬೇಕಾಗಲಿಲ್ಲ. ಮರುದಿನವೇ ಗೂಳಪ್ಪ ಬಂದಿಳಿದ. ಎಪ್ಪತ್ತು ದಾಟಿದ್ದರೂ ಮೀಸೆ ಇನ್ನೂ ಪೈಲವಾನನದೇ. ಹಳದಿ ರುಮಾಲು, ಕೈಯಲ್ಲಿ ಛತ್ರಿ. ನೇರ ಮೇಲಿನ ಖೋಲಿಗೆ ಹತ್ತಿದ. ಹಿಂದೆಯೇ ಶಿದ್ರಾಮಪ್ಪ, ಅವನ ಹಿಂದೆ ಏದುಸಿರು ಬಿಡುತ್ತ ಶಂಕ್ರೆವ್ವ.

"ನನ್ನ ಕೆಡವಿದಾಕಿ ನೀಯೇನು?"

ಮಧುಮತಿ ಎದ್ದು ನಿಂತಳು. "ಕುಂದರ್ರಿ ಅಜ್ಜಾರ. ಮೊದಲ ನೋಡ್ರಿ."

ಗೂಳಪ್ಪ ಲ್ಯಾಪ್‌ಟಾಪಿನ ಮುಂದೆ ಕಣಕ್ಕಿಳಿದವನ ಹಾಗೆ ಕೂತ. ನೋಡುತ್ತ ಹೋದಂತೆ ಅವನ ಕೈ ಮೀಸೆಯಿಂದ ಕೆಳಗಿಳಿಯಿತು. ನೂಲಿನ ಪೈಲವಾನ ತೊಡೆ ತಟ್ಟಿದಾಗ ಅವನಿಗೆ ತಿಳಿಯದೆಯೇ ಅವನ ಅಂಗೈ ತೊಡೆಗೆ ಬಿತ್ತು. ಹುಡುಗಿ ಬೇವಿನ ಗಿಡದಿಂದ ಬಾಯಿ ತೆರೆದದ್ದನ್ನು ಕಂಡು ದಡಬಡಿಸಿ ಎದ್ದ.

"ನಿಂದರ್ಸು! ಆ ಗಿಡದಾಗ ಚೀರಿದಾಕಿ ಯಾರು?"

"ನಾನೋ ಗೂಳ್ಯಾ," ಎಂದಳು ಶಂಕ್ರೆವ್ವ ಬಾಗಿಲಿಂದ.

"ನೀನ?" ಗೂಳಪ್ಪ ಬಾಗಿಲ ಕಡೆ ತಿರುಗಿದ. "ಅಕ್ಕಾ, ಅದು ನೀನ? ಆ ಗಿಡದಾಗಿಂದ ಯಾವದೋ ದೇವಿ ನನ್ನ ಹೆಸರ ಹಿಡದು ಕರದಾಳ ಅಂತ ತಿಳಕೊಂಡಿದ್ದೆನಲ್ಲ! ವರ್ಷಾ ವರ್ಷಾ ಆ ಗಿಡಕ್ಕ ಕಾಯಿ ಒಡದು ಬಂದೇನಿ!"

ಶಿದ್ರಾಮಪ್ಪ ಗೋಡೆಗೆ ಮುಖ ತಿರುಗಿಸಿದ. ಅವನ ಭುಜಗಳು ಕುಣಿಯುತ್ತಿದ್ದವು.

"ಮತ್ತ ಇದರಾಗ ತಪ್ಪ ಐತಿ," ಗೂಳಪ್ಪ ಮಧುಮತಿಯ ಕಡೆ ತಿರುಗಿದ. "ಬಿದ್ದಿಲ್ಲ ಅಂತ ನಾ ಇನ್ನ ಹೇಳೂದಿಲ್ಲ. ಬಿದ್ದೇನಿ. ಆದ್ರ ಬಿದ್ದ ಮ್ಯಾಲ ಈಕಿ ಚೀರಿಲ್ಲ. ಈಕಿ ಚೀರಿದ್ದಕ್ಕ ನಾ ಬಿದ್ದೆ! ಎದುರಿನಾಂವನ್ನ ಎತ್ತಿ ಒಗಿಯಾಕ ಹಿಡದಿದ್ದೆ. ಗೂಳ್ಯಾ ಅಂದ್ಲು. ನಾ ಹೊಳ್ಳಿ ನೋಡಿದೆ. ಮುಗೀತು."

"ಸುಳ್ಳ! ನೀ ಬಿದ್ದಿ, ಆಮ್ಯಾಲ ನಾ ಚೀರಿದೆ."

"ನೀ ಚೀರಿದಿ, ಆಮ್ಯಾಲ ನಾ ಬಿದ್ದೆ."

ಅಕ್ಕ ತಮ್ಮ ಊಟದ ಹೊತ್ತಿನವರೆಗೂ ಇದನ್ನೇ ಹಿಂದೆ ಮುಂದೆ ಮಾಡಿದರು. ರೊಟ್ಟಿ, ಬದನೆಕಾಯಿ ಪಲ್ಯ ತಿನ್ನುವಾಗಲೂ ಬಿಡಲಿಲ್ಲ. ಹೊರಡುವಾಗ ಗೂಳಪ್ಪ ಮೆಟ್ಟಿಲ ಕೆಳಗೆ ನಿಂತು, "ತಂಗಿ, ಖರೆ ಮಾಡು. ಇಷ್ಟ ಕೇಳತೇನಿ," ಎಂದ. ದನಿಯಲ್ಲಿ ಜಬರ್ದಸ್ತಿ ಇರಲಿಲ್ಲ. ಅದೇ ಮಧುಮತಿಗೆ ಕಷ್ಟವಾದದ್ದು.

ಮದುವೆಯ ವಿಡಿಯೊದಲ್ಲಿ ನವಿಲಿನ ಬಣ್ಣ ಬದಲಿಸಿ ಎಂದರೆ ಅವಳು ಮರುಮಾತಿಲ್ಲದೆ ಬದಲಿಸುತ್ತಿದ್ದಳು. ತನ್ನ ಸಿನಿಮಾದಲ್ಲಿ ಒಂದು ಎಳೆಯನ್ನೂ ಯಾರ ಮಾತಿಗೂ ಸರಿಸಿದವಳಲ್ಲ. ಚಿತ್ರೋತ್ಸವದವರು ಹೆಚ್ಚು ಉದ್ದವಾಯಿತು ಎಂದಾಗಲೂ ಕತ್ತರಿಸಿರಲಿಲ್ಲ. ಈಗ ಲ್ಯಾಪ್‌ಟಾಪ್ ಮುಂದೆ ಕೂತು ಚೀರುವ ಫೋಟೊಗಳನ್ನು ಬೀಳುವ ಫೋಟೊಗಳಿಗಿಂತ ಮೊದಲು ಹಾಕಿ ನೋಡಿದಳು. ಗೂಳಪ್ಪನದು ಖರೆಯಾಯಿತು. ಅವನ್ನೇ ಬಿದ್ದ ಮೇಲೆ ಬರುವಂತೆ ಇಟ್ಟಳು. ಶಂಕ್ರೆವ್ವನದು ಖರೆಯಾಯಿತು. ಎರಡು ಸಲವೂ ಗೂಳಪ್ಪ ಬಿದ್ದೇ ಬಿದ್ದ. ಎರಡು ಸಲವೂ ಅಕ್ಕ ಅಷ್ಟು ದೂರ ಈಸಿ ಬಂದಿದ್ದಳು. ಯಾವುದನ್ನು ತೆಗೆದರೂ ಯಾರದೋ ಆಯುಷ್ಯದ ಒಂದು ತುಂಡನ್ನು ಗ್ಯಾರೇಜಿಗೆ ಕೊಟ್ಟ ಹಾಗೆ ಅವಳಿಗೆ ಅನ್ನಿಸಿತು.

ಕೆಳಗೆ ಮಗ್ಗ ಶುರುವಾದಾಗ ಎದ್ದಳು. ನೀಲಿ ನೂಲು ಮತ್ತೆ ಹರಡಿದಳು. ಈ ಸಲ ಕೆಂಪು ಹುಡುಗಿ ಆಚೆಯಿಂದ ಈಚೆಗೆ ಈಸಬೇಕಿತ್ತು. ಈ ದಂಡೆ ಮುಟ್ಟಿ, ಹಸಿ ಅರಿವೆ ಮುಟ್ಟಿ ನೋಡಿ, ಅವಳು ಮತ್ತೆ ನೀರಿಗೆ ಬೀಳುತ್ತಾಳೆ, ಮತ್ತೆ ಗಿಡ ಹತ್ತುತ್ತಾಳೆ. ಮೊದಲನೆಯ ಸಲ ತಮ್ಮ ಬೀಳುತ್ತಾನೆ, ಅಕ್ಕ ಚೀರುತ್ತಾಳೆ. ಎರಡನೆಯ ಸಲ ಅಕ್ಕ ಚೀರುತ್ತಾಳೆ, ತಮ್ಮ ಬೀಳುತ್ತಾನೆ. ಎರಡರ ನಡುವೆ ನದಿ ಮಾತ್ರ ಬಿಡುವಿಲ್ಲದೆ ಹರಿಯುತ್ತದೆ. ಬೇಸಿಗೆಯೆಲ್ಲ ಅವಳು ಅದರಲ್ಲೇ ಮುಳುಗಿದಳು. ಕೈಬೆರಳಿಗೆ ನೀಲಿ ಬಣ್ಣ ಹತ್ತಿ, ರೊಟ್ಟಿಗೂ ಹತ್ತಿತು.

ಸಿನಿಮಾವನ್ನು ತನ್ನೂರಿನಲ್ಲೇ ತೋರಿಸಬೇಕೆಂದು ಗೂಳಪ್ಪ ಹಟ ಹಿಡಿದ. ಹಾಗಾಗಿ ಒಂದು ಮಧ್ಯಾಹ್ನ ಮಧುಮತಿ, ಶಿದ್ರಾಮಪ್ಪ, ಶಂಕ್ರೆವ್ವ ಮೂವರೂ ಪ್ರೊಜೆಕ್ಟರಿನ ಚೀಲದ ಜೊತೆ ಬೋಟು ಹತ್ತಿದರು. ಹಿಪ್ಪರಗಿ ಬ್ಯಾರೇಜಿನಿಂದಾಗಿ ನೀರು ಅಗಲಕ್ಕೆ ತುಂಬಿ ನಿಂತಿತ್ತು. ಶಂಕ್ರೆವ್ವ ಒಂದು ಕೈ ನೀರಿಗೆ ಇಳಿಬಿಟ್ಟು, "ಈ ಬೋಟ ಭಾಳ ಸಾವಕಾಶ," ಎಂದು ಅಂಬಿಗನ ಮೇಲೆ ರೇಗಿದಳು.

ಗರಡಿಮನೆಯ ಒಳಗೋಡೆಯೇ ಪರದೆಯಾಯಿತು. ಹನುಮಪ್ಪನ ಪಟದ ಕೆಳಗೆ ಜನ ಕಿಕ್ಕಿರಿದು ಕೂತರು. ಆ ಕಡೆ ಹೆಂಗಸರು ಗರಡಿಮನೆಯ ಹೊಸ್ತಿಲು ದಾಟಿದವರಲ್ಲ. ಅವತ್ತು ಶಂಕ್ರೆವ್ವ ಮೊದಲು ಒಳಗೆ ಹೋಗಿ ಮುಂದೆ ಕೂತಳು. ಅವಳ ಹಿಂದೆ ಒಬ್ಬೊಬ್ಬರೇ ಬಂದು ಅರ್ಧ ಗರಡಿ ತುಂಬಿತು. ಗಂಡಸರು ಸರಿದು ಜಾಗ ಕೊಟ್ಟರು. ಗೂಳಪ್ಪ ಮೊದಲನೆಯ ಸಲ ಬಿದ್ದಾಗ ಹೆಂಗಸರು ಚಪ್ಪಾಳೆ ತಟ್ಟಿದರು, ಎರಡನೆಯ ಸಲ ಬಿದ್ದಾಗ ಗಂಡಸರು. ಮುಗಿದ ಮೇಲೆ ಕಣದಲ್ಲಿ ನಿಜವಾದ ಕುಸ್ತಿ ಶುರುವಾಯಿತು. ಹಲ್ಲಿಲ್ಲದ ಒಬ್ಬ ಮುದುಕ, "ಆವತ್ತ ನಾ ಇದ್ದೆ, ಚೀರಿದ ಮ್ಯಾಲ ಬಿದ್ದ," ಎಂದ. ಅವನ ಪಕ್ಕದಲ್ಲಿದ್ದವನು, "ನೀ ಆವತ್ತ ಎಮ್ಮಿ ಕಾಯಾಕ ಹೋಗಿದ್ದಿ," ಎಂದ.

ಮಧುಮತಿ ಗೋಡೆಗೆ ಒರಗಿ ನಿಂತು ಎಲ್ಲರನ್ನೂ ನೋಡಿದಳು. ದೂರದೇಶದಲ್ಲಿ ಅವಳ ಹಿಟ್ಟಿನ ಸಿನಿಮಾ ಮುಗಿದಾಗ ಜನ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದ್ದರಂತೆ. ಅದನ್ನು ಅವಳು ಪತ್ರದಲ್ಲಷ್ಟೇ ಓದಿದ್ದಳು. ಇಲ್ಲಿ ಜನ ಒಬ್ಬರ ಮುಂಡಾಸು ಒಬ್ಬರು ಎಳೆಯುವಷ್ಟು ಜಗಳಾಡುತ್ತಿದ್ದರು. ಅವಳಿಗೆ ಹೊಟ್ಟೆ ತುಂಬಿದ ಹಾಗಾಯಿತು.

"ಏನ ತಂಗಿ," ಗೂಳಪ್ಪ ಬಂದು ಗುಟ್ಟಾಗಿ ಹೇಳಿದ, "ಸುಳ್ಳ ಮೊದಲ ತೋರಸಿ, ಆಮ್ಯಾಲ ಖರೆ ತೋರಸೀದಿ. ಶಾಣ್ಯಾಕಿ."

ಸ್ವಲ್ಪ ಹೊತ್ತಿಗೆ ಶಂಕ್ರೆವ್ವನೂ ಬಂದು ಕಿವಿಯಲ್ಲಿ ಹೇಳಿದಳು. "ಖರೆ ಮೊದಲ ಹೇಳಿಬಿಟ್ಟಿ. ಆಮ್ಯಾಲಿಂದು ಅಂವಗ ಸಮಾಧಾನಕ್ಕ, ಹೌದಿಲ್ಲ?"

ಮಧುಮತಿ ಇಬ್ಬರಿಗೂ ತಲೆಯಾಡಿಸಿದಳು.

ಬಿಸಿಲು ಇಳಿಯುವಾಗ ಹಿಂದಿರುಗುವ ಬೋಟು ಹತ್ತಿದರು. ಗೂಳಪ್ಪ ಮೊಣಕಾಲುದ್ದ ನೀರಿಗೆ ಇಳಿದು ಬಂದು, ಅಕ್ಕನ ಮಡಿಲಿಗೆ ಒಂದು ಗಂಟು ಹಸಿ ಶೇಂಗಾ ಇಟ್ಟ. ಅಪ್ಪ ಅವ್ವ ಹೋದ ಮೇಲೆ ಅವಳು ಪಂಚಮಿಗೆ ತವರಿಗೆ ಬರುವುದನ್ನು ಬಿಟ್ಟಿದ್ದಳು. ಅವನೂ ಕರೆದಿರಲಿಲ್ಲ. ಬೋಟು ದಂಡೆ ಬಿಟ್ಟ ಮೇಲೆ ಅವನು ಛತ್ರಿ ಎತ್ತಿ ಕೂಗಿದ.

"ಅಕ್ಕಾ, ಪಂಚಮಿಗೆ ಬರಬೇಕ ನೋಡ! ಜೋಕಾಲಿ ಕಟ್ಟಸ್ತೇನಿ!"

"ಮಳಿಗಾಲದಾಗ ಬೋಟ ನಿಂತಿರತಾವಲ್ಲೋ!" ಎಂದು ಶಂಕ್ರೆವ್ವ ತಿರುಗಿ ಕೂಗಿದಳು.

"ಮತ್ತ ಹೆಂಗ ಬರ್ತೀ?"

"ಆಗ ನೋಡೂಣು!"

ಶಿದ್ರಾಮಪ್ಪ ಸರಿದು ತಾಯಿಯ ಪಕ್ಕಕ್ಕೆ ಬಂದು, ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಕೂತ.